ಆ ಗುರುವಾರ ನನಗಾಗಿ ಕಾದು ಹೋದವಳು

ಸತ್ತವರು ಬಂದರು, ಮಾತಾಡಿದರು ಎಂದು ಯಾರಾದರೂ ಹೇಳಲು ಶುರುಮಾಡಿದರೆ ನಾನು ಎದ್ದು ಹೋಗುವವನು. ನಂಬದಿರಲು ನನಗೆ ಬೇರೆಯವರಿಗಿಲ್ಲದ ಒಂದು ಕಾರಣವೂ ಇತ್ತು. ಕುಡಿತ ಬಿಟ್ಟ ಮೊದಲ ವಾರ ನಾನು ಇಲ್ಲದ್ದನ್ನೆಲ್ಲ ಕಣ್ಣಾರೆ ಕಂಡಿದ್ದೆ. ಕಂಪ್ಲಿಯಲ್ಲಿ ನಮ್ಮ ಅಕ್ಕನ ಮನೆಯ ಗೋಡೆಯ ಮೇಲೆ ಕೆಂಪಿರುವೆಗಳು ಹರಿದಾಡುತ್ತಿದ್ದವು. ನಾನು ಟವೆಲಿನಿಂದ ಅವನ್ನು ಒರೆಸುತ್ತಿದ್ದೆ. ಅಕ್ಕ ಪಕ್ಕದಲ್ಲಿ ನಿಂತು, "ಏನೂ ಇಲ್ಲಪ್ಪ ಅಲ್ಲಿ, ಬರೇ ಸುಣ್ಣ ಐತಿ" ಎಂದು ಅಳುತ್ತಿದ್ದಳು. ಹಾಗೆ ಆಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು. ಹೆಚ್ಚಾದರೆ ಎಷ್ಟು ಹೊತ್ತಾಗಿದ್ದರೂ ಕರೆದುಕೊಂಡು ಬನ್ನಿ ಎಂದು ಅಕ್ಕನಿಗೆ ತಾಕೀತು ಮಾಡಿದ್ದರು. ಅಷ್ಟಕ್ಕೆ ಹೋಗಲಿಲ್ಲ. ನಾಲ್ಕೈದು ದಿನಕ್ಕೆ ಇರುವೆಗಳು ತಾವಾಗಿಯೇ ಹೋದವು.

ಅಂದಿನಿಂದ ಯಾರು ಏನು ಕಂಡೆನೆಂದರೂ ನನಗೆ ಆ ಗೋಡೆ ನೆನಪಾಗುತ್ತಿತ್ತು. ಪಾಪ, ಇವರ ತಲೆಯಲ್ಲೂ ಏನೋ ಏರುಪೇರಾಗಿದೆ ಅಂದುಕೊಳ್ಳುತ್ತಿದ್ದೆ. ಆದರೆ ಈಗ ಹೇಳುವ ಸಂಗತಿಯಲ್ಲಿ ಕಂಡವನು ನಾನಲ್ಲ. ನನಗೆ ಬಿಡಿಸಲಾಗದೆ ಉಳಿದಿರುವುದೂ ಅದೇ.

ನಾನು ಹನ್ನೊಂದು ವರ್ಷ ಯಶವಂತನಗರದ ಹತ್ತಿರ ಒಂದು ಗಣಿಯ ಶಿಫ್ಟ್ ಬಸ್ಸು ಓಡಿಸಿದವನು. ಕೆಲಸ ಮುಗಿಸಿ ಕುಡಿಯುತ್ತಿದ್ದವನು ಆಮೇಲೆ ಕೆಲಸಕ್ಕೆ ಮುಂಚೆಯೂ ಕುಡಿಯತೊಡಗಿದೆ. ಒಂದು ಬೆಳಿಗ್ಗೆ ಸೂಪರ್‌ವೈಸರು ಬಸ್ಸಿನ ಕೀಲಿ ಕೈಯಿಂದ ತೆಗೆದುಕೊಂಡು, ಮನೆಗೆ ಹೋಗಿ ಎಂದರು. ಅದಾಗಿ ಎರಡು ತಿಂಗಳಿಗೆ ನನ್ನ ಹೆಂಡತಿ ಹುಲಿಗೆಮ್ಮ ಕಾಮಾಲೆಯಾಗಿ ತೀರಿಕೊಂಡಳು. ನಮಗೆ ಮಕ್ಕಳಿರಲಿಲ್ಲ. ಬಾಡಿಗೆ ಮನೆ ಖಾಲಿ ಮಾಡಿ, ಒಂದು ಟ್ರಂಕು ಹಿಡಿದು ಕಂಪ್ಲಿಗೆ ಅಕ್ಕನ ಮನೆಗೆ ಬಂದೆ. ಅಲ್ಲಿಯೂ ಒಂದೂವರೆ ವರ್ಷ ಕುಡಿದೆ. ಕೊನೆಗೆ ಅಕ್ಕನೇ ಕೈ ಹಿಡಿದು ಹೊಸಪೇಟೆಗೆ ಕರೆದುಕೊಂಡು ಹೋದಳು.

ಅಲ್ಲಿ ಒಂದು ಆಸ್ಪತ್ರೆಯ ಹಿಂಭಾಗದಲ್ಲಿ ಗುರುವಾರ ಗುರುವಾರ ಕುಡಿತ ಬಿಡಿಸುವ ಒಪಿಡಿ ನಡೆಯುತ್ತಿತ್ತು. ಅಡ್ಮಿಟ್ ಆಗುವುದಿಲ್ಲ. ವಾರಕ್ಕೊಮ್ಮೆ ಹೋಗಬೇಕು, ಡಾಕ್ಟರಿಗೆ ತೋರಿಸಬೇಕು, ಎಂಟು ಹತ್ತು ಜನ ಸುತ್ತ ಕುಳಿತು ಒಬ್ಬರ ಪಾಡು ಒಬ್ಬರು ಕೇಳಬೇಕು, ವಾರದ ಗುಳಿಗೆ ತೆಗೆದುಕೊಂಡು ಊರಿಗೆ ಮರಳಬೇಕು. ಇರುವೆಗಳ ಆ ವಾರ ಕಳೆದ ಮೇಲೆ ನನಗೆ ಒಂದು ಬಿಳಿ ಗುಳಿಗೆ ಶುರುವಾಯಿತು. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಡವಾಗುತ್ತದೆ, ವಾಂತಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಜೀವಕ್ಕೇ ಅಪಾಯವಾಗಬಹುದು. ಆ ಹೆದರಿಕೆಯೇ ಅರ್ಧ ಔಷಧಿ. ದಿನವೂ ಬೆಳಿಗ್ಗೆ ಅಕ್ಕ ಅದನ್ನು ನನ್ನ ಅಂಗೈಗೆ ಹಾಕಿ, ನುಂಗುವವರೆಗೆ ಎದುರಿಗೆ ನಿಂತಿರುತ್ತಿದ್ದಳು.

ಐದು ತಿಂಗಳು ನುಂಗಿದೆ. ಜನ ನನ್ನನ್ನು ಮಾತಾಡಿಸತೊಡಗಿದರು. ಅಕ್ಕ ಬಾಳೆತೋಟಕ್ಕೆ ನನ್ನೊಬ್ಬನನ್ನೇ ಕಳಿಸುವಷ್ಟು ನಂಬಿದಳು. ಎಲ್ಲ ಸರಿಹೋಯಿತು ಎನ್ನುವ ಹೊತ್ತಿಗೆ ಹುಲಿಗೆಮ್ಮನ ನೆನಪು ಬಂದು ಕುಳಿತುಬಿಟ್ಟಿತು. ಕುಡಿಯುವಾಗ ಅದು ಇರಲಿಲ್ಲ, ಅಥವಾ ಇದ್ದದ್ದು ನನಗೆ ತಿಳಿಯುತ್ತಿರಲಿಲ್ಲ. ಈಗ ಬೆಳಿಗ್ಗೆ ಎದ್ದ ಕೂಡಲೇ ಅವಳು ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದಿಗೆ ಕಿವಿ ಕಾಯುತ್ತಿತ್ತು. ಅಕ್ಕನೂ ರೊಟ್ಟಿ ಬಡಿಯುತ್ತಾಳೆ. ಆದರೆ ಆ ಸದ್ದು ಬೇರೆ.

ಆಗ ನಾನು ಗುಳಿಗೆಯನ್ನು ನಾಲಿಗೆಯ ಕೆಳಗೆ ಅಡಗಿಸಲು ಕಲಿತೆ. ನೀರು ಕುಡಿದು, ಅಕ್ಕ ಒಳಗೆ ಹೋದ ಮೇಲೆ ಬಚ್ಚಲಿಗೆ ಹೋಗಿ ಉಗುಳುತ್ತಿದ್ದೆ. ಆರು ದಿನ ಹಾಗೆ ಮಾಡಿದೆ. ಇದು ನನಗೊಬ್ಬನಿಗೇ ಗೊತ್ತಿತ್ತು.

ಏಳನೆಯ ದಿನ ಗುರುವಾರ. ಬೆಳಗಿನ ಬಸ್ಸಿಗೆ ಹೊಸಪೇಟೆಗೆ ಹೊರಟೆ. ಕಮಲಾಪುರ ದಾಟುವ ಹೊತ್ತಿಗೆ ಮನಸ್ಸು ಗಟ್ಟಿಯಾಗಿತ್ತು: ಒಪಿಡಿ ಮುಗಿಸಿ, ಎಲ್ಲಾದರೂ ಕುಳಿತು, ಒಂದೇ ಒಂದು ಸಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದವನು ನೇರ ಆಸ್ಪತ್ರೆಗೆ ಹೋಗಲಿಲ್ಲ. ವೈನ್ ಶಾಪಿನ ಬಾಗಿಲು ತೆರೆಯುವುದನ್ನು ಕಾಯುತ್ತ ಎದುರಿನ ಅಂಗಡಿಯ ನೆರಳಲ್ಲಿ ನಿಂತೆ. ತೆರೆದ ಮೇಲೆ ಒಂದು ನೈಂಟಿ ಪಾಕೀಟು ಕೊಂಡು, ಕೈಚೀಲದಲ್ಲಿ ಬುತ್ತಿಯ ಕೆಳಗೆ ಇಟ್ಟುಕೊಂಡೆ. ಆಸ್ಪತ್ರೆ ಸೇರುವಾಗ ಹತ್ತೂಮುಕ್ಕಾಲು.

ಅಲ್ಲಿ ಶಾಂತಾ ಸಿಸ್ಟರ್ ಎಂದು ಒಬ್ಬರು ಹಿಂದಿನ ವಾರವಷ್ಟೇ ಬಂದಿದ್ದರು, ಸಿಂಧನೂರು ಕಡೆಯವರು. ನನ್ನನ್ನು ಅವರು ನೋಡಿದ್ದು ಒಂದೇ ಸಲ. ನನ್ನ ಹೆಸರು ಕೇಳಿ, ಅಂದಿನ ಗುಳಿಗೆ ಮನೆಯಲ್ಲಿ ಆಗಿದೆಯೇ ಎಂದು ವಿಚಾರಿಸಿದರು. ಆಗಿಲ್ಲ, ಬಸ್ಸಿಗೆ ತಡವಾಗಿತ್ತು ಎಂದೆ. ಆ ಮಾತು ಮಾತ್ರ ನಿಜವಾಗಿತ್ತು. ಅವರು ಗುಳಿಗೆ ಕೈಗಿಟ್ಟು ನೀರು ಕೊಟ್ಟರು. ನಾನು ಎಂದಿನಂತೆ ಗುಳಿಗೆ ನಾಲಿಗೆಯ ಕೆಳಗಿಟ್ಟು ನೀರು ಕುಡಿದೆ.

"ಬಾಯಿ ತೆಗೀರಿ," ಎಂದರು.

ಯಾವತ್ತೂ ಯಾರೂ ಹಾಗೆ ಕೇಳಿರಲಿಲ್ಲ. ತೆರೆದೆ.

"ನಾಲಿಗಿ ಎತ್ರಿ."

ಎತ್ತಲಿಲ್ಲ. ಇನ್ನೊಂದು ಲೋಟ ನೀರು ಕುಡಿದು ನುಂಗಿಬಿಟ್ಟೆ. ಅವರು ಬೈಯಲಿಲ್ಲ, ನಗಲೂ ಇಲ್ಲ. "ನಿಮ್ಮ ಮನಿಯವ್ರು ಹೇಳಿದ್ದು ಖರೆನೇ ಐತಿ ನೋಡ್ರಿ," ಎಂದರು.

"ಅಕ್ಕ ಬಂದಿದ್ಲೇನ್ರಿ?"

"ಅಕ್ಕ ಅಲ್ರಿ, ನಿಮ್ಮ ಹೆಂಡ್ರು. ನಿಮ್ಮ ಹೆಸರು ಕರದೆ, ನೀವು ಇರ್ಲಿಲ್ಲ. ಬರ್ತಾರ, ಸ್ವಲ್ಪ ತಡೀರಿ ಅಂದ್ರು. ಆಮ್ಯಾಲೆ ಹತ್ರ ಬಂದು, ಆರು ದಿನ ಆತು ಗುಳಿಗಿ ನಾಲಿಗಿ ಕೆಳಗ ಇಟ್ಗೊಂಡು ಉಗುಳ್ತಾರ, ಬಾಯಿ ತೆಗಸಿ ನೋಡ್ರೆಮ್ಮ ಅಂದ್ರು. ಅಷ್ಟೊತ್ತನಾ ಇಲ್ಲೇ ಕುಂತಿದ್ರು. ಈಗ ಹತ್ತು ನಿಮಿಷ ಆತು ನೋಡ್ರಿ, ಎದ್ದು ಹೋದ್ರು."

ನನಗೆ ಕೋಪ ಬಂತು. ಯಾರೋ ನನ್ನನ್ನು ಹಿಡಿಯಲು ಹೆಣೆದ ಆಟ ಅನ್ನಿಸಿತು. ನನ್ನ ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು ಎಂದೆ. ಸಿಸ್ಟರ್ ಕೈಯಲ್ಲಿದ್ದ ಫೈಲು ಹಾಗೇ ನಿಂತಿತು. ಅವರ ಮುಖದಲ್ಲಿ ಮೂಡಿದ ಗಾಬರಿ ಆಟದ್ದಾಗಿರಲಿಲ್ಲ.

"ನನಗ ಗೊತ್ತಿರ್ಲಿಲ್ಲಣ್ಣ," ಎಂದರು. ಮೆಲ್ಲಗೆ ಕೇಳಿದರು, "ಹಂಗಾದ್ರ ಅವ್ರು ಯಾರು? ನೀರು ಕೊಡ್ಲೇನ್ರಿ ಅಂತ ನಾನ ಕೇಳಿದ್ನೆಲ್ಲ. ಬ್ಯಾಡ, ಅವ್ರು ಎಳನೀರು ತರಾಕ ಹೋಗ್ಯಾರ, ಬರ್ತಾರ ಅಂದ್ರು."

ಓದುವವರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಇದನ್ನು ನಾನು ಅಕ್ಕನಿಗೂ ಹೇಳಿರಲಿಲ್ಲ. ಹುಲಿಗೆಮ್ಮ ಹೊಸಪೇಟೆಯಲ್ಲೇ, ಬೇರೊಂದು ಆಸ್ಪತ್ರೆಯಲ್ಲಿ, ಮೂರು ದಿನ ಮಲಗಿದ್ದಳು. ಮೂರನೆಯ ದಿನ ಬೆಳಿಗ್ಗೆ, "ಬಾಯಿ ಒಣಗೇತ್ರಿ, ಒಂದು ಎಳನೀರು ತಂದುಕೊಡ್ರಿ," ಎಂದಳು. ಹೋದೆ. ಎಳನೀರಿನ ಗಾಡಿ ಆಸ್ಪತ್ರೆಯ ಎದುರಿಗೇ ಇತ್ತು. ಅದನ್ನು ದಾಟಿ ನಾಲ್ಕು ಹೆಜ್ಜೆ ಮುಂದೆ ಬಾರ್ ಇತ್ತು. ನಾನು ವಾರ್ಡಿಗೆ ಮರಳಿದಾಗ ಸಂಜೆಯಾಗಿತ್ತು. ಅವಳ ಮಂಚದ ಮೇಲೆ ಬೇರೆ ಯಾರೋ ಮಲಗಿದ್ದರು. ಪಕ್ಕದ ಮಂಚದ ಮುದುಕಿ ನನ್ನ ಕಡೆ ನೋಡದೆ ಹೇಳಿದಳು, ಕೇಳಿದವರಿಗೆಲ್ಲ ಅವಳು ಒಂದೇ ಮಾತು ಹೇಳುತ್ತಿದ್ದಳಂತೆ: ಎಳನೀರು ತರಲು ಹೋಗಿದ್ದಾರೆ, ಬರುತ್ತಾರೆ.

ಸಿಸ್ಟರ್ ಬಾಯಿಂದ ಆ ಮಾತು ಬಂದ ಮೇಲೆ ನಾನು ಅಲ್ಲಿ ನಿಲ್ಲಲಿಲ್ಲ. ಗೇಟಿನ ತನಕ ಓಡಿದೆ. ರಸ್ತೆಯಲ್ಲಿ ಆಟೋಗಳು, ಅದಿರಿನ ಲಾರಿಗಳು, ಗುರುತಿಲ್ಲದ ಜನ. ನಡೆದೂ ಓಡಿಯೂ ಬಸ್ ಸ್ಟ್ಯಾಂಡಿಗೆ ಬಂದೆ. ಸಂಡೂರಿನ ಬಸ್ಸು ನಿಂತಿತ್ತು. ಅವಳು ಹೋಗುವುದಾದರೆ ಸಂಡೂರಿನ ಬಸ್ಸಿಗೇ ಹೋಗಬೇಕು, ನಮ್ಮ ಮನೆ ಇದ್ದದ್ದು ಆ ಕಡೆ. ಬಸ್ಸಿನ ಸುತ್ತ ಎರಡು ಸಲ ತಿರುಗಿ ಒಂದೊಂದು ಕಿಟಕಿಯನ್ನೂ ನೋಡಿದೆ. ಒಳಗಿದ್ದ ಹೆಂಗಸರು ಸೆರಗು ಸರಿಮಾಡಿಕೊಂಡು ಆ ಕಡೆ ತಿರುಗಿದರು. ಕಂಡಕ್ಟರು, "ಯಾರ್ನ ಹುಡುಕಾಕತ್ತೀರಿ ಯಜಮಾನ್ರೇ?" ಎಂದ. ನನ್ನ ಬಾಯಿಂದ "ನಮ್ಮ ಮನಿಯವ್ರನ್ನ" ಎಂದು ಬಂತು. ಹಾಗೆ ಹೇಳಿ ಎರಡು ವರ್ಷವಾಗಿತ್ತು. ಆತ ಒಳಗೆ ಇಣುಕಿ, "ಒಳಗ ಯಾರೂ ಕೇಳಾಕತ್ತಿಲ್ರಿ," ಎಂದು ಸೀಟಿ ಊದಿದ. ಬಸ್ಸು ಹೋಯಿತು.

ಆಸ್ಪತ್ರೆಗೆ ಮರಳಿದಾಗ ಎಲ್ಲರ ಸರದಿ ಮುಗಿದಿತ್ತು. ಡಾಕ್ಟರ ಮುಂದೆ ಕುಳಿತು, ಚೀಲದಿಂದ ಪಾಕೀಟು ತೆಗೆದು ಮೇಜಿನ ಮೇಲಿಟ್ಟೆ. ಗುಳಿಗೆ ಉಗುಳಿದ್ದು, ಎಳನೀರಿನ ಸಂಗತಿ, ಎಲ್ಲವನ್ನೂ ಹೇಳಿದೆ. ಅವರು ಸಿಸ್ಟರನ್ನು ಕರೆದು ಪಾಕೀಟು ಕೊಟ್ಟರು. ಸಿಸ್ಟರ್ ಅದನ್ನು ಕತ್ತರಿಸಿ ಮೂಲೆಯ ಬೇಸಿನ್ನಿಗೆ ಸುರಿದರು. ಆ ವಾಸನೆಗೆ ನನ್ನ ಬಾಯಲ್ಲಿ ನೀರೂರಿತು. ಸುಳ್ಳು ಯಾಕೆ ಹೇಳಲಿ.

"ಆರು ದಿನ ಉಗುಳಿದ್ರೂ ಹಳೇ ಗುಳಿಗಿ ಮೈಯಾಗ ಇನ್ನೂ ಇರ್ತದ," ಎಂದರು ಡಾಕ್ಟರು. "ಮತ್ತ ಇವತ್ತಿಂದೂ ಈಗ ಹೊಟ್ಟ್ಯಾಗೈತಿ. ಇದನ್ನ ಕುಡದಿದ್ರ ನಿಮ್ಮ ಪರಿಸ್ಥಿತಿ ಏನಾಗ್ತಿತ್ತೋ ನನಗ ಹೇಳಾಕ ಬರಂಗಿಲ್ಲ."

ಆಮೇಲೆ ಕೇಳಿದರು. "ಅವ್ರು ನಿಮಗ ಕಂಡ್ರೇನು?"

"ಇಲ್ರಿ ಸರ್. ನನಗ ಕಾಣ್ಲಿಲ್ಲ."

"ಹಂಗಾದ್ರ ಅದು ನಿಮ್ಮ ಕಾಯಿಲಿ ಅಲ್ಲ," ಎಂದರು. ಯಾರೋ ಹೆಂಗಸು ತನ್ನ ಗಂಡನ ಬಗ್ಗೆ ಹೇಳಿದ್ದನ್ನು ಸಿಸ್ಟರ್ ನನ್ನ ಹೆಸರಿಗೆ ಕೂಡಿಸಿಕೊಂಡಿರಬಹುದೇ ಎಂದು ವಿಚಾರಿಸಿ ನೋಡಿದರು. ಅಂದು ಗಂಡಂದಿರ ಜೊತೆ ಬಂದಿದ್ದ ಹೆಂಗಸರು ಇಬ್ಬರೇ. ಇಬ್ಬರೂ ಇನ್ನೂ ಔಷಧಿಯ ಸಾಲಿನಲ್ಲಿದ್ದರು. ಅವರಲ್ಲ ಎಂದರು ಸಿಸ್ಟರ್. ಗುಳಿಗೆ ಅಡಗಿಸುವುದು ಕುಡುಕರ ಹಳೆಯ ಉಪಾಯ, ಯಾರು ಬೇಕಾದರೂ ಊಹಿಸಬಹುದು. ಅದನ್ನು ನಾನೂ ಒಪ್ಪುತ್ತೇನೆ. ಎಳನೀರನ್ನು ಯಾರು ಊಹಿಸಬೇಕು?

ಹೊರಗೆ ಮರಿಯಮ್ಮನಹಳ್ಳಿಯ ಎರ್ರಿಸ್ವಾಮಿ ಬಸ್ಸಿಗೆ ಹೊರಟು ನಿಂತಿದ್ದ. ಲಾರಿ ಡ್ರೈವರ್, ನಮ್ಮ ಗುರುವಾರದ ಗುಂಪಿನವನೇ. ಹೆಂಗಸೊಬ್ಬಳು ಕುಳಿತದ್ದನ್ನು ನೋಡಿದೆಯಾ ಎಂದು ಅವನನ್ನು ಕೇಳಿದೆ. ಕಾರಣ ಹೇಳಲಿಲ್ಲ.

"ಹೂಂ, ಒಬ್ಬಾಕಿ ಕುಂತಿದ್ಲಪ್ಪ," ಎಂದ. "ಬೆಂಚಿನ ಮ್ಯಾಲೆ ಜಾಗ ಕೊಟ್ಟೆ, ಒಲ್ಲೆ ಅಂತ ಗ್ವಾಡಿಗೆ ಆನಿಕ್ಯಂಡು ಕೆಳಗ ಕುಂತ್ಲು. ಮಾರಿ ಸರಿಯಾಗಿ ನೋಡ್ಲಿಲ್ಲ. ಚಪ್ಲಿ ಒಂದು ಕವರಿನ್ಯಾಗ ಹಾಕಿ ತೊಡಿ ಮ್ಯಾಲೆ ಇಟ್ಗಂಡಿದ್ಲು. ಅದಕ್ಕ ನೆಪ್ಪೈತಿ."

ಹುಲಿಗೆಮ್ಮ ಒಂದು ಮದುವೆಯಲ್ಲಿ ಹೊಸ ಚಪ್ಪಲಿ ಕಳೆದುಕೊಂಡಿದ್ದಳು. ಆಮೇಲೆ ಯಾವ ಮನೆಗೆ, ಯಾವ ಗುಡಿಗೆ ಹೋದರೂ ಚಪ್ಪಲಿ ಹೊರಗೆ ಬಿಡುತ್ತಿರಲಿಲ್ಲ. ಕವರಿನಲ್ಲಿ ಹಾಕಿ ತೊಡೆಯ ಮೇಲೆ ಇಟ್ಟುಕೊಂಡೇ ಕೂರುತ್ತಿದ್ದಳು. ಅದಕ್ಕೆ ನಾನು ನಾಲ್ಕು ಜನರ ಮುಂದೆ ಅವಳನ್ನು ಗೇಲಿ ಮಾಡುತ್ತಿದ್ದೆ. ಬೇರೆ ಹೆಂಗಸರೂ ಹಾಗೆ ಮಾಡಬಹುದು. ಮಾಡುತ್ತಾರೆ. ಆದರೂ ನಾನು ಅಲ್ಲೇ, ಎರ್ರಿಸ್ವಾಮಿಯ ಮುಂದೆಯೇ, ಗೋಡೆಯ ಆ ಜಾಗದ ಪಕ್ಕದಲ್ಲಿ ನೆಲದ ಮೇಲೆ ಕುಳಿತುಬಿಟ್ಟೆ. ಅವನು ತನ್ನ ಬಸ್ಸು ಬಿಟ್ಟು ನನ್ನ ಜೊತೆ ಕುಳಿತ.

ಮರುದಿನದಿಂದ ಗುಳಿಗೆ ನುಂಗಿ, ಅಕ್ಕ ಕೇಳುವ ಮುಂಚೆಯೇ ಬಾಯಿ ತೆರೆದು ತೋರಿಸುತ್ತಿದ್ದೆ. ಎಳನೀರಿನ ಸಂಗತಿಯನ್ನೂ ಅಕ್ಕನಿಗೆ ಹೇಳಿದೆ. ಎರಡು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ತಟ್ಟೆಗೆ ರೊಟ್ಟಿ ಹಾಕುತ್ತ, "ಉಣ್ಣು," ಎಂದಳು. ಇದೆಲ್ಲ ಆಗಿ ನಾಲ್ಕು ವರ್ಷ ದಾಟಿತು. ಈಗ ಕಮಲಾಪುರದಲ್ಲಿ ಒಂದು ಶಾಲೆಯ ವ್ಯಾನ್ ಓಡಿಸುತ್ತೇನೆ. ಕುಡಿದಿಲ್ಲ. ಗುಳಿಗೆ ನಿಂತು ಬಹಳ ದಿನವಾಯಿತು. ಮೂರು ತಿಂಗಳಿಗೊಮ್ಮೆ ಬಂದರೆ ಸಾಕು ಎಂದಿದ್ದಾರೆ ಡಾಕ್ಟರು. ರಜೆ ಸಿಕ್ಕ ಗುರುವಾರ ನಾನು ಹೋಗಿಯೇ ಹೋಗುತ್ತೇನೆ, ಒಪಿಡಿ ತೆರೆಯುವ ಮುಂಚೆಯೇ.

ಶಾಂತಾ ಸಿಸ್ಟರ್ ವರ್ಗವಾಗಿ ಹೋಗುವ ದಿನ ಅವರನ್ನು ಒಂದೇ ಪ್ರಶ್ನೆ ಕೇಳಿದೆ. ಅಷ್ಟು ದಿನ ಕೇಳಲು ಧೈರ್ಯ ಬಂದಿರಲಿಲ್ಲ.

"ಆಕಿಗೆ ನನ್ನ ಮ್ಯಾಲೆ ಸಿಟ್ಟಿತ್ತೇನ್ರಿ?"

ಅವರು ನೆನಪು ಮಾಡಿಕೊಂಡು ಹೇಳಿದರು. "ಸಿಟ್ಟೇನೂ ಕಾಣ್ಲಿಲ್ಲಣ್ಣ. ಬಸ್ಸಿಗೆ ಕಾಯೋರು ಹ್ಯಾಂಗ ಕುಂದಿರ್ತಾರ, ಹಂಗ ಕುಂತಿದ್ರು. ಬಾಗಿಲ ಕಡೆ ನೋಡ್ಕೋತ."

ಬಂದವಳು ಯಾರೋ ನನಗೆ ಗೊತ್ತಿಲ್ಲ. ಸತ್ತವರು ಬರುತ್ತಾರೆ ಎಂದು ಈಗಲೂ ಹೇಳಲಾರೆ. ಬರುವುದಿಲ್ಲ ಎಂದು ಎದ್ದುಹೋಗುವುದನ್ನು ಮಾತ್ರ ಬಿಟ್ಟಿದ್ದೇನೆ. ಇಷ್ಟು ವರ್ಷಗಳಲ್ಲಿ ಅವಳು ಒಂದು ಸಲವೂ ನನ್ನ ಕನಸಿಗೆ ಬಂದಿಲ್ಲ. ಪರಿಚಯವಿಲ್ಲದ ಸಿಸ್ಟರ್ ಅವಳನ್ನು ನೋಡಿದರು, ಎರ್ರಿಸ್ವಾಮಿ ನೋಡಿದ. ಇಬ್ಬರಿಗೂ ಅವಳಿಂದ ಏನೂ ಬೇಕಿರಲಿಲ್ಲ. ನನಗೆ ಬೇಕಿತ್ತು, ನಾನು ನೋಡಲಿಲ್ಲ.