‘ಎಲ್ಲಿ ಕುಂತಿರ್ತೀರಿ?’ ಎಂದು ಕೇಳುವ ಸುಮಲತಾ

ಹೊಸಪೇಟೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಹಾದಂಗಡಿಗಳಲ್ಲಿ ಮೊದಲ ಹಾಲು ಕುದಿಯುತ್ತಿದೆ. ಎದೆರೋಗದ ಆಸ್ಪತ್ರೆಯೊಂದರ ಉದ್ದನೆಯ ಕಾರಿಡಾರಿನಲ್ಲಿ ಆಗಲೇ ಇಬ್ಬರು ಅತ್ತಿಂದಿತ್ತ ನಡೆಯುತ್ತಿದ್ದಾರೆ. ಮುಂದೆ ಸಂಡೂರಿನ ಅದಿರು ಲಾರಿಯ ಚಾಲಕ ತೋಟಪ್ಪ, ಅರ್ಧ ಹೆಜ್ಜೆ ಹಿಂದೆ ಆಸ್ಪತ್ರೆಯ ಟೆಕ್ನಿಷಿಯನ್ ಸುಮಲತಾ. ತೋಟಪ್ಪನ ಬೆರಳಿಗೆ ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಕಚ್ಚಿಕೊಂಡಿದೆ. ಕುರ್ಚಿಯಲ್ಲಿ ಕೂತಿದ್ದಾಗ ಅದು ತೊಂಬತ್ತಾರು ತೋರಿಸುತ್ತಿತ್ತು. ಈಗ ಎಂಬತ್ತೆಂಟಕ್ಕೆ ಇಳಿದಿದೆ.

“ನಿಲ್ಲೂನೇನ್ರಿ ಅಣ್ಣಾ?”

“ಏನಾಗಿಲ್ಲ ಬಿಡ್ರಿ ಅಕ್ಕಾ” ಎನ್ನುವಷ್ಟರಲ್ಲಿ ತೋಟಪ್ಪ ಏದುಸಿರು ಬಿಡುತ್ತಾರೆ. ಸುಮಲತಾ ಕುರ್ಚಿ ಎಳೆದು ಕೂರಿಸುತ್ತಾರೆ. “ಗಂಡಸ್ರು ಬಾಯಿಲೆ ಏನಾಗಿಲ್ಲ ಅಂತಾನೇ ಇರ್ತಾರ. ಬೆರಳು ನಿಜ ಹೇಳ್ತೈತ್ರಿ” ಎಂದು ನನ್ನತ್ತ ತಿರುಗಿ ನಗುತ್ತಾರೆ.

ಇಷ್ಟು ಬೆಳಿಗ್ಗೆಯೇ ಯಾಕೆ ಅಂದರೆ, ಡಾಕ್ಟರು ಬರುವ ಹೊತ್ತಿಗೆ ಈ ಕಾರಿಡಾರಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಂಪ್ಲಿಯ ಕಡೆಯವರು, ಸಂಡೂರಿನವರು, ಕಮಲಾಪುರದವರು, ಅವರ ಹಿಂದೆ ಅವರ ನೆಂಟರು. ಜನ ತುಂಬುವ ಮೊದಲೇ ಸುಮಲತಾ ತಮ್ಮ ರೋಗಿಗಳ ನಡಿಗೆಯ ಪರೀಕ್ಷೆ ಮುಗಿಸುತ್ತಾರೆ. ಅರ್ಧ ಹೆಜ್ಜೆ ಹಿಂದೆಯೇ ಯಾಕೆ ಎಂದೂ ಕೇಳಿದೆ. “ಪಕ್ಕದಾಗ ನಡೆದ್ರ ನನ್ ಸಂಗಾಟ ಹೆಜ್ಜಿ ಹಾಕ್ತಾರ. ಮುಂದ ಹೋದ್ರ ನನ್ನ ಹಿಡಿಯಾಕ ನೋಡ್ತಾರ. ಅವರ ದಮ್ಮು ಎಷ್ಟೈತಿ ಅಂತ ಅವರ ಹೆಜ್ಜಿಲೇ ಗೊತ್ತಾಗಬೇಕಲ್ರಿ.”

ಇವರ ಬಳಿಗೆ ಬರುವವರು ಸುಲಭದ ರೋಗಿಗಳಲ್ಲ. ಹೃದಯ ಸರಿಯಿದೆ, ಕಫದಲ್ಲಿ ಟಿ.ಬಿ. ಇಲ್ಲ, ಆದರೂ ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಸಿಗುವುದಿಲ್ಲ. ಯಾಕೆ ಎಂದು ಗೊತ್ತಾಗದೆ ಊರೂರು ಸುತ್ತಿ ಬಂದವರು. ಕೋವಿಡ್ ಕಾಲದಲ್ಲಿ ಆಕ್ಸಿಮೀಟರ್ ಮನೆಮನೆಗೂ ಬಂತು, ನಮ್ಮ ಮನೆಯಲ್ಲೂ ಒಂದಿದೆ. ನಾವೆಲ್ಲ ಅದನ್ನು ಕೂತು ನೋಡಿ ನಿಶ್ಚಿಂತರಾದವರೇ. ಕೆಲವು ಶ್ವಾಸಕೋಶಗಳ ಕಳ್ಳತನ ಹೊರಗೆ ಬೀಳುವುದು ಮನುಷ್ಯ ಎದ್ದು ನಡೆದಾಗ ಮಾತ್ರ. ತಣ್ಣಗಿನ ಕೈಯಾದರೆ ಉಜ್ಜಿ ಬೆಚ್ಚಗಾಗಿಸಿ, ಉಗುರಿಗೆ ಬಣ್ಣ ಹಚ್ಚಿದ್ದರೆ ತಾವೇ ಕೂತು ಅಳಿಸಿ, ಆಮೇಲೆಯೇ ಸುಮಲತಾ ಆ ಚಿಮಟಿಯನ್ನು ಬೆರಳಿಗೆ ಸಿಕ್ಕಿಸುವುದು.

ಪಾಪಿನಾಯಕನಹಳ್ಳಿಯ ಕೂಲಿ ಮನೆತನದ ಹುಡುಗಿ. ಮದುವೆಯಾಗಿ ಚಿತ್ತವಾಡ್ಗಿಗೆ ಬಂದು, ಮೊದಲು ಇದೇ ಆಸ್ಪತ್ರೆಯಲ್ಲಿ ಆಯಾ ಆದರು. ನೆಲ ಒರೆಸಿದರು, ತಮಗಿಂತ ಭಾರದ ಸಿಲಿಂಡರುಗಳನ್ನು ಉರುಳಿಸಿಕೊಂಡು ಹೋದರು. ಮಗಳನ್ನು ಮಲಗಿಸಿದ ಮೇಲೆ ಪುಸ್ತಕ ಹಿಡಿದು ಡಿಪ್ಲೊಮಾ ಮುಗಿಸಿದರು. ಒಮ್ಮೆ ಫೇಲೂ ಆದರು. “ಇಂಗ್ಲಿಷಿನಾಗ ಭಾಳ ತ್ರಾಸಾತ್ರಿ. ಅತ್ತಿ ಅಂದ್ರು, ಈ ವಯಸ್ಸಿನಾಗ ನಿನಗ್ಯಾಕ ಬೇಕಾಗಿತ್ತು ಅಂತ. ನಮ್ಮನೆಯವ್ರು ಮಾತ್ರ ಇನ್ನೊಮ್ಮೆ ಕಟ್ಟು ಅಂದ್ರು.” ಆ ಮನೆಯವರ ಹೆಸರು ಅಂಜಿನಿ, ಆಟೋ ಓಡಿಸುತ್ತಾರೆ. ಆಸ್ಪತ್ರೆಯ ಬೋರ್ಡಿನಲ್ಲಿ ಸುಮಲತಾ ಹೆಸರಿಲ್ಲ. ಇರಬೇಕೆಂದು ಅವರಿಗೆ ಅನ್ನಿಸಿಲ್ಲ, ನನಗೆ ಅನ್ನಿಸಿದೆ.

ಯಾಕೆ ಅನ್ನಿಸಿತು ಎಂದು ಹೇಳಲು ಮೆಟ್ರಿಯ ಎಲ್ಲಮ್ಮನವರ ಕಥೆ ಹೇಳಬೇಕು.

ಎಲ್ಲಮ್ಮನವರಿಗೆ ಐವತ್ತರ ಆಸುಪಾಸು. ಗಂಡ ಹುಲುಗಪ್ಪ ಊರಲ್ಲಿ ಬೆಲ್ಲದ ಗಾಣ ನಡೆಸುತ್ತಾರೆ. ಹೋದ ವರ್ಷ ಎಲ್ಲಮ್ಮನವರಿಗೆ ಕೆಮ್ಮು, ಸಂಜೆಯಾದರೆ ಜ್ವರ, ಆಮೇಲೆ ದಮ್ಮು. ಬಚ್ಚಲಿಗೆ ಹೋಗಿಬರುವುದೇ ದೊಡ್ಡ ಪ್ರಯಾಣವಾಯಿತು. ಆಸ್ಪತ್ರೆಗೆ ಸೇರಿಸಿದರೆ ವಾರದಲ್ಲಿ ಚೇತರಿಸಿಕೊಳ್ಳುವರು, ಮನೆಗೆ ಕರೆದೊಯ್ದರೆ ಮತ್ತೆ ಹಾಸಿಗೆ. ಹೀಗೆ ಮೂರು ಸಲ. ಪ್ರತಿ ಸಲವೂ ಆಕ್ಸಿಜನ್ ಇನ್ನಷ್ಟು ಕೆಳಗೆ. ಶ್ವಾಸಕೋಶದ ಒಂದಿಷ್ಟು ಭಾಗ ಗಟ್ಟಿಯಾಗುತ್ತ ಬಂದಿತ್ತು. ಕಾರಣ ಸಿಗದಿದ್ದರೆ ಮುಂದಿನ ಮಳೆಗಾಲ ಅವರು ನೋಡುವುದು ಅನುಮಾನ ಎಂದು ಡಾಕ್ಟರು ಹುಲುಗಪ್ಪನವರಿಗೆ ಹೇಳಿಯೂ ಆಗಿತ್ತು.

ಡಾಕ್ಟರ್ ಪ್ರಭಂಜನ ಸುಮ್ಮನೆ ಕೂತವರಲ್ಲ. ಸ್ಕ್ಯಾನ್ ನೋಡಿ, ಮನೆಯಲ್ಲೇ ಏನೋ ಉಸಿರಿನೊಂದಿಗೆ ಒಳಗೆ ಹೋಗುತ್ತಿದೆ ಎಂದು ಸರಿಯಾಗಿಯೇ ಶಂಕಿಸಿದ್ದರು. ಪಾರಿವಾಳ ಸಾಕಿದ್ದೀರಾ? ಇಲ್ಲ. ಗಾಣದಲ್ಲಿ ಕೆಲಸ? ಕಾಯಿಲೆ ಬಿದ್ದಂದಿನಿಂದ ಆ ಕಡೆ ತಲೆ ಹಾಕಿಲ್ಲ. ಮತ್ತೇನು ಮಾಡುತ್ತೀರಿ? “ಏನೂ ಇಲ್ರಿ, ಸುಮ್ನ ಕುಂತಿರ್ತೀನಿ.” ಅಲ್ಲಿಗೆ ದಾರಿ ಮುಚ್ಚಿಹೋಯಿತು. “ಸ್ಕ್ಯಾನ್ ನಾನು ಓದ್ತೀನ್ರಿ. ಮನಿ ಓದೋದು ಸುಮಲತಾ ಅವರ ಕೆಲಸ, ಅದಕ್ಕೇ ಅವರ ಕಡೆ ಕಳಿಸಿದೆ” ಎನ್ನುತ್ತಾರೆ ಡಾಕ್ಟರು.

ಸುಮಲತಾ ಎಲ್ಲಮ್ಮನವರನ್ನು ನಡೆಸಲು ಕರೆದುಕೊಂಡರು. ಅರ್ಧ ಕಾರಿಡಾರಿಗೇ ಎಂಬತ್ತೆರಡು. ಕೂರಿಸಿ, ಬೆನ್ನು ಸವರುತ್ತ, ಅವರು ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದರು. “ಸುಮ್ನ ಕುಂತಿರ್ತೀನಿ ಅಂತೀರಲ್ಲಮ್ಮಾ, ಎಲ್ಲಿ ಕುಂತಿರ್ತೀರಿ?”

“ಹಿತ್ತಲದಾಗಮ್ಮಾ. ಅಲ್ಲೇ ಮಲಗ್ತೀನಿ. ಭಾಳ ತಂಪೈತಿ.”

ಈ ಪ್ರಶ್ನೆ ಎಲ್ಲಿಂದ ಬಂತು ಎಂದರೆ ಸುಮಲತಾ ತಮ್ಮ ತಾಯಿಯ ಹೆಸರು ಹೇಳುತ್ತಾರೆ. “ನಮ್ಮವ್ವ ದಿನಾ ಹೊಲಕ್ಕ ಹೋಗಿ, ಎಮ್ಮಿ ಹಿಂಡಿ, ಹೊಗಿಯಾಗ ರೊಟ್ಟಿ ಬಡಿತಿದ್ಳು. ಯಾರರ ಏನ್ ಮಾಡ್ತೀ ಅಂತ ಕೇಳಿದ್ರ, ಏನೂ ಇಲ್ಲ, ಮನ್ಯಾಗಿರ್ತೀನಿ ಅಂತಿದ್ಳು. ನಮ್ ಕಡೆ ಹೆಣ್ಮಕ್ಕಳಿಗೆ ಕೆಲಸ ಏನಂತ ಕೇಳಬಾರದ್ರಿ, ಉತ್ತರ ಸಿಗಂಗಿಲ್ಲ. ಎಲ್ಲಿರ್ತೀರಿ ಅಂತ ಕೇಳ್ಬೇಕು.”

ರಜೆಯ ದಿನ ಗಂಡನ ಆಟೋದಲ್ಲಿ ಮೆಟ್ರಿಗೆ ಹೋದರು. ಹಿತ್ತಲಲ್ಲಿ ತಗಡಿನ ಚಪ್ಪರ, ಕೆಳಗೆ ಮಂಚ, ಕಾಲುವೆ ಕಡೆಯಿಂದ ಸೊಗಸಾದ ಗಾಳಿ. ಮನೆಯಲ್ಲೇ ಒಳ್ಳೆಯ ಜಾಗ ಅದು. ಹೆಂಡತಿಗೆ ಉಸಿರು ಸಿಗಲಿ ಎಂದು ಹುಲುಗಪ್ಪ ಪ್ರೀತಿಯಿಂದ ಅಲ್ಲಿ ಮಂಚ ಹಾಕಿಸಿದ್ದರು. ಆ ಗಾಳಿ ಮಂಚಕ್ಕೆ ತಾಗುವ ಮೊದಲು ದಾಟಿ ಬರುತ್ತಿದ್ದದ್ದು ಒಂದು ಆಳೆತ್ತರದ ಒಟ್ಟಲನ್ನು. ಗಾಣದಲ್ಲಿ ಹಿಂಡಿ ಉಳಿದ ಕಬ್ಬಿನ ಸಿಪ್ಪೆ, ಒಲೆಗೆಂದು ಪೇರಿಸಿಟ್ಟದ್ದು, ಹಿಂದಿನ ಮಳೆಗೆ ನೆನೆದು ಒಳಗೊಳಗೇ ಮುಗ್ಗಿತ್ತು. ಸುಮಲತಾ ಮೂಗಿಗೆ ಸೆರಗು ಕಟ್ಟಿ ಒಂದು ಹಿಡಿ ಎಳೆದರು. ಬಿಳಿ ಪುಡಿ ಭುಸ್ಸನೆ ಎದ್ದಿತು. ಮೊದಲು ಎಲ್ಲಮ್ಮನವರೇ ಎಳೆಯುತ್ತಿದ್ದರು; ಅವರು ಹಾಸಿಗೆ ಹಿಡಿದ ಮೇಲೆ ಮನೆಯವರು ದಿನ ಬೆಳಗಾದರೆ ಹೀಗೇ ಎಳೆದು ಒಲೆಗೆ ಒಯ್ಯುತ್ತಿದ್ದರು, ಎಲ್ಲಮ್ಮನವರ ತಲೆದಿಂಬಿನ ಪಕ್ಕದಲ್ಲೇ.

ಸುಮಲತಾ ಅಲ್ಲಿ ತೆಗೆದು ತಂದ ಫೋಟೊ ನೋಡಿದ ಡಾಕ್ಟರು ಎಲ್ಲಮ್ಮನವರನ್ನು ಕಂಪ್ಲಿಯಲ್ಲಿದ್ದ ತಂಗಿಯ ಮನೆಗೆ ಕಳಿಸಿದರು. ಎರಡು ವಾರಕ್ಕೆ ಜ್ವರ ನಿಂತಿತು, ಆಕ್ಸಿಜನ್ ಮೇಲೆ ಬಂತು. ಮುಗ್ಗಿದ ಸಿಪ್ಪೆಯ ಬೂಷ್ಟಿನ ಪುಡಿಗೆ ಶ್ವಾಸಕೋಶ ಕೆರಳಿ ಊದಿಕೊಳ್ಳುವ ಕಾಯಿಲೆ ಇದು ಎಂದು ಉಳಿದ ಪರೀಕ್ಷೆಗಳೂ ಹೇಳಿದವು. ಮಾತ್ರೆ ಶುರುವಾಯಿತು. ಒಟ್ಟಲು ಊರಾಚೆ ಹೋಯಿತು.

ಹುಲುಗಪ್ಪ ಆಸ್ಪತ್ರೆಗೆ ಬಂದು ಗೋಡೆಗೆ ಮುಖ ಮಾಡಿ ನಿಂತುಬಿಟ್ಟಿದ್ದರಂತೆ. “ನಾನೇ ಆಕಿನ್ನ ಅಲ್ಲಿ ಮಲಗಿಸಿದ್ನಲ್ರಿ ಅಂತ ಅತ್ರು. ನಾನಂದೆ, ಯಜಮಾನ್ರ, ತಂಪು ಜಾಗ ಹುಡುಕಿ ಹೆಂಡ್ತಿಗೆ ಮಂಚ ಹಾಕೋ ಗಂಡ ಎಲ್ಲಿ ಸಿಗ್ತಾನ್ರಿ? ಜಾಗ ತಪ್ಪಿತ್ತು, ನಿಮ್ಮ ಮನಸ್ಸಲ್ಲ.” ಇದನ್ನು ಹೇಳುವಾಗ ಸುಮಲತಾ ಅವರ ಕಣ್ಣೂ ತುಂಬುತ್ತದೆ. ನನ್ನದೂ ತುಂಬಿತು, ಮುಚ್ಚಿಡುವುದೇನು.

ಎಲ್ಲಮ್ಮನವರು ಪೂರ್ತಿ ಗುಣವಾಗಿಲ್ಲ. ಗಟ್ಟಿಯಾದ ಭಾಗ ಮತ್ತೆ ಮೆತ್ತಗಾಗುವುದಿಲ್ಲ, ಬೇಗ ಬಂದಿದ್ದರೆ ಅದೂ ಉಳಿಯುತ್ತಿತ್ತು ಎಂಬ ಕೊರಗು ಸುಮಲತಾ ಅವರಿಗಿದೆ. ಅವರ ಆಸೆಯೂ ಅದರ ಸುತ್ತಲೇ. “ಪ್ರತಿ ಹಳ್ಳಿಯಾಗ ಒಬ್ಬರು, ದಮ್ಮು ಬಂದೋರ ಬೆರಳಿಗೆ ಇದನ್ನ ಹಾಕಿ ಅಂಗಳದಾಗ ಒಂದ್ ಸುತ್ತು ನಡೆಸಿ ನೋಡಿದ್ರ ಸಾಕ್ರಿ. ಬ್ಯಾರೆ ಏನೂ ಬ್ಯಾಡ.” ಆಶಾ ಕಾರ್ಯಕರ್ತೆಯರಿಗೆ ಹೇಳಿಕೊಡಲು ಕರೆದರೆ ಯಾವ ಊರಿಗಾದರೂ ಬರುತ್ತಾರಂತೆ. ಆಟೋ ಮನೆಯಲ್ಲೇ ಇದೆ.

ಕಳೆದ ತಿಂಗಳು ಎಲ್ಲಮ್ಮನವರು ಮರುಪರೀಕ್ಷೆಗೆ ಬಂದಿದ್ದರು. ಈ ಸಲ ಮುಂದೆ ಎಲ್ಲಮ್ಮ, ಹಿಂದೆ ಸುಮಲತಾ, ಬೆಂಚಿನ ಮೇಲೆ ಹುಲುಗಪ್ಪ. ಹೊರಟವರು ಎಲ್ಲೂ ನಿಲ್ಲಲಿಲ್ಲ. ಆಕ್ಸಿಜನ್ ತೊಂಬತ್ತೆರಡರಿಂದ ಕೆಳಗಿಳಿಯಲಿಲ್ಲ. ಅವರ ಬಾಯಿಯೂ ನಿಲ್ಲಲಿಲ್ಲ. ಮನೆಯಲ್ಲಿ ಎಮ್ಮೆಗೆ ಹೊತ್ತಿಗೆ ಸರಿಯಾಗಿ ನೀರು ಕುಡಿಸಲಿಲ್ಲವೆಂದು ಆ ತುದಿಯಿಂದ ಈ ತುದಿಯವರೆಗೂ ಗಂಡನನ್ನು ಬೈಯುತ್ತಲೇ ನಡೆದರು. ಹುಲುಗಪ್ಪ ತಲೆ ತಗ್ಗಿಸಿ ಕೂತು, ಒಳಗೊಳಗೇ ನಗುತ್ತಿದ್ದರು.

“ಈ ಪರೀಕ್ಷಾದಾಗ ನಡಿವಾಗ ಮಾತಾಡಂಗಿಲ್ಲ ಅಂತ ನಿಯಮ ಐತ್ರಿ” ಎನ್ನುತ್ತಾರೆ ಸುಮಲತಾ. “ಹೇಳ್ಬೇಕಿತ್ತು. ಹೋದ ವರ್ಷ ಆ ತಾಯಿಗೆ ತನ್ನ ಹೆಸರು ಹೇಳಾಕ ದಮ್ಮು ಇದ್ದಿಲ್ಲ. ಬೈಲಿ ಅಂತ ಬಿಟ್ಟೆ.”