ಅಜ್ಜಿಯ ಕತೆಗೆ ಹ್ಞೂಂ ಎನ್ನುವ ಕೆಲಸ

ನಮ್ಮದು ಹಳೇಬೀಡಿನ ಪಕ್ಕದ ಊರು. ನಮ್ಮ ಮನೆಯಲ್ಲಿ ಮಿಮಿಕ್ರಿ ಮಾಡುವವನು ನಾನೊಬ್ಬನೇ ಎಂದು ಊರು ನಂಬಿದೆ. ಅದು ಸುಳ್ಳು. ಬಸ್ ಕಂಡಕ್ಟರು, ಪೂಜಾರಿ, ಶೀತವಾದ ಹುಂಜ, ಇವರನ್ನೆಲ್ಲ ನಾನು ಕದ್ದದ್ದು ಅಜ್ಜಿಯ ಗಂಟಲಿನಿಂದ. ಸಂಜೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಅಜ್ಜಿ ಊರಿನ ಸಮಾಚಾರವನ್ನು ಕತೆ ಕಟ್ಟಿ ಹೇಳುತ್ತಾಳೆ, ಅವರವರ ದನಿಯಲ್ಲೇ. ಕೇಳುವವರಿಗೆ ಒಂದೇ ಕೆಲಸ, ಹೂಂಗುಟ್ಟುವುದು. ಹ್ಞೂಂ ನಿಂತರೆ ಕತೆಯೂ ನಿಂತಿತು.

ಹೋದ ಅವರೆಯ ಕಾಲಕ್ಕೆ ನನ್ನ ಮಿಮಿಕ್ರಿ ವಿಡಿಯೊಗಳಿಗೆ ಲೈಕು ಬರತೊಡಗಿದ್ದವು. ಬಹಳವೇನಲ್ಲ, ಅದರಲ್ಲೂ ಅರ್ಧ ನೆಂಟರವು. ಆದರೂ ನನ್ನ ಹೆಬ್ಬೆರಳಿಗೆ ಕೊಬ್ಬು ಬಂದಿತ್ತು. ಎರಡು ಕಾಯಿ ಸುಲಿದರೆ ಒಂದು ಸಲ ಫೋನು ನೋಡಬೇಕು. ಮುಖ ಕಾಣದ ಯಾವನೋ ‘ಬೋರು ಗುರೂ’ ಎಂದು ಬರೆದರೆ ಅವತ್ತು ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಜ್ಜಿಯ ಕತೆಗೆ ಮಾತ್ರ ಬಾಯಿ ತಾನಾಗಿಯೇ ಹ್ಞೂಂ ಎನ್ನುತ್ತಿತ್ತು.

ಒಂದು ಸಂಜೆ ಅಜ್ಜಿಗೆ ಅನುಮಾನ ಬಂತು.

“ಆಮೇಲೆ ನಮ್ಮೆಮ್ಮೆ ಬಾಣಾವರಕ್ಕೆ ಹೋಗಿ ರೈಲು ಹತ್ತುತು.”

“ಹ್ಞೂಂ.”

“ಕಿಟಕಿ ಪಕ್ಕದ ಸೀಟೇ ಸಿಕ್ತು.”

“ಹ್ಞೂಂ.”

“ಆ ಎಮ್ಮೆಗೇ ನಿನ್ನ ಕೊಟ್ಟು ಮದುವೆ ಮಾಡಣ ಅಂತಿದೀನಿ.”

“ಹ್ಞೂಂ.”

ಒಳಗೆ ಅಮ್ಮ ನಕ್ಕ ರಭಸಕ್ಕೆ ಕೈಯಲ್ಲಿದ್ದ ಲೋಟ ಬಿತ್ತು. ಬೆಳಗಾಗುವಷ್ಟರಲ್ಲಿ ಸುದ್ದಿ ಹಾಲಿನ ಡೇರಿ ತಲುಪಿತ್ತು. ಗೆಳೆಯನೊಬ್ಬ ಕ್ಯಾನು ಇಳಿಸುತ್ತಾ ಕೇಳಿದ, “ಏನ್ಲಾ, ಹೆಂಡ್ರು ಮೇಯಕ್ಕೆ ಹೋಗವ್ಳಾ?”

ಮಾರನೆಯ ಸಂಜೆ ಅಜ್ಜಿ ಕತೆ ಹೇಳಲಿಲ್ಲ. “ಯಾಕಜ್ಜಿ?” ಎಂದೆ.

“ಎಮ್ಮೆಗೆ ಹೇಳ್ಬುಟ್ಟೆ ಕಣೋ. ಅದು ಕಿವಿನಾದ್ರೂ ಆಡಿಸ್ತೈತೆ.”

ನನಗೆ ನಿಜಕ್ಕೂ ದಿಗಿಲಾಯಿತು. ಆ ಗಂಟಲು ಮುಚ್ಚಿದರೆ ನನ್ನ ಅಂಗಡಿಯೂ ಮುಚ್ಚಿದಂತೆ. ಅದಿರಲಿ, ಬರೀ ಸಿಪ್ಪೆಯ ಸದ್ದು ಕೇಳುವ ಆ ಜಗಲಿ ಯಾರದೋ ಮನೆಯದು ಅನ್ನಿಸುತ್ತಿತ್ತು. ಫೋನಿನಿಂದ ಆ ವಿಡಿಯೊ ಆಪ್ ಅಳಿಸಿದೆ. ಒಲೆ ಮೇಲಿನ ಹಾಲು ಉಕ್ಕುವುದರೊಳಗೆ ಮತ್ತೆ ಹಾಕಿಕೊಂಡೆ. ನನ್ನ ವೈರಾಗ್ಯ ಅಷ್ಟು. ಕಡೆಗೆ ಫೋನನ್ನು ಅಜ್ಜಿಯ ಕೈಗೇ ಕೊಟ್ಟೆ. ಅವಳು ಅದನ್ನು ಸಿಪ್ಪೆಯ ಗುಡ್ಡೆಯೊಳಗೆ ಹೂತಳು.

“ಕಾಯೆಲ್ಲ ಸುಲಿದಾದ್ಮೇಲೆ ತಗ.”

ಸಿಪ್ಪೆ ಗುಂಯ್ ಎಂದಾಗಲೆಲ್ಲ ನನ್ನ ಕೈ ಅತ್ತ ಹೋಗುತ್ತಿತ್ತು, ಅಜ್ಜಿ ಕೈ ಮೇಲೆ ಪಟ್ಟೆಂದು ಒಂದು ಏಟು ಕೊಡುತ್ತಿದ್ದಳು. ಕತೆ ಮಾತ್ರ ಇಲ್ಲ. ಹಾಗೇ ಕೆಲವು ಸಂಜೆ ಕಳೆದವು. ತಮಾಷೆಯೆಂದರೆ, ಆ ‘ಬೋರು ಗುರೂ’ ಮಹಾಶಯ ನೆನಪಿಗೇ ಬರಲಿಲ್ಲ. ಮುದ್ದೆ ಸಲೀಸಾಗಿ ಇಳಿಯಿತು.

ಆಮೇಲೊಂದು ಸಂಜೆ ಅಜ್ಜಿ ತಲೆಯೆತ್ತದೆಯೇ ಶುರು ಮಾಡಿದಳು. “ಮೇಲಿನ ಬೀದಿಯೋನು ಹೊಸ ಟ್ರ್ಯಾಕ್ಟರ್ ತೊಳೀತೀನಿ ಅಂತ ಕೆರೆಗೆ ಇಳಿಸ್ದ.”

“ಹ್ಞೂಂ.”

“ಇಂಜಿನ್ನು ಮುಳುಗೋಯ್ತು. ಅವನು ಅದರ ಮೇಲೆ ಕುಂತ್ಕಂಡು ಹೆಂಡ್ತಿನ ಕರೀತಾವ್ನೆ.”

“ಸುಳ್ಳು! ಸುಳ್ಳು ಕಣಜ್ಜಿ!” ಎಂದು ಕೂಗಿದೆ. ಇನ್ನೊಂದು ಸಲ ಎಮ್ಮೆಗೆ ಗಂಡನಾಗಲು ನಾನು ತಯಾರಿರಲಿಲ್ಲ.

ಅಜ್ಜಿಯ ಮುಖ ಅರಳಿತು. “ಕೇಳಿಸ್ಕಂತಾ ಇದೀಯ ಹಂಗಾರೆ. ಆದ್ರೆ ಇದು ನಿಜ ಕಣೋ. ಓಡು, ಇನ್ನೂ ಎಳೀತಾವ್ರೆ!”

ಓಡಿದೆ. ಕೆರೆ ಏರಿಯ ಮೇಲೆ ಊರೆಲ್ಲ ಫೋನು ಎತ್ತಿ ಹಿಡಿದು ನಿಂತಿತ್ತು. ನನ್ನದು ಸಿಪ್ಪೆಯಡಿ. ಬೇರೆ ಗತಿಯಿಲ್ಲದೆ ಕಿವಿ ಕೊಟ್ಟು ನಿಂತೆ.

“ಲೇ, ನನ್ ಚಪ್ಲಿ ತೇಲ್ಕಂಡೋಯ್ತಾ ಐತೆ, ಹಿಡ್ಕಳೇ!” ಎಂದು ಟ್ರ್ಯಾಕ್ಟರಿನ ಮೇಲಿಂದ ಗಂಡ.

“ಅದು ತಾನಾಗಿ ಬತ್ತೈತೆ, ನೀವೂ ಅದರ ಹಿಂದೇನೇ ತೇಲ್ಕಂಡು ಬನ್ರೀ!” ಎಂದು ದಡದಿಂದ ಹೆಂಡತಿ.

ಮನೆಗೆ ಬಂದವನೇ ಗಂಡ, ಹೆಂಡತಿ, ಗೊರಗುಟ್ಟುವ ಇಂಜಿನ್ನು, ಕಡೆಗೆ ತೇಲುವ ಚಪ್ಪಲಿಯನ್ನೂ ಆಡಿ ತೋರಿಸಿದೆ. ಅಜ್ಜಿ ಸುಲಿಯುವುದನ್ನೇ ಬಿಟ್ಟು ಕುಳಿತಿದ್ದಳು. ಉಸಿರಿಗೆಂದು ನಡುವೆ ಒಂದು ಗಳಿಗೆ ನಿಂತೆ.

“ಹ್ಞೂಂ?” ಎಂದಳು ಅಜ್ಜಿ.