ಗೋಡೆಯ ಮೇಲಿನ ಕಾಫಿ ಚರಟ

ಆಗೆಲ್ಲ ಜನ್ನಾಪುರದ ನಮ್ಮ ಬೀದಿಯಲ್ಲಿ ಬೆಳಗ್ಗೆ ಕಣ್ಣು ಮುಚ್ಚಿಕೊಂಡು ನಡೆದರೂ ಯಾರ ಮನೆ ಬಂತೆಂದು ಮೂಗೇ ಹೇಳಿಬಿಡುತ್ತಿತ್ತು. ನಮ್ಮ ಮನೆ ಮುಂದೆ ಶುಂಠಿ ಜಜ್ಜಿ ಹಾಕಿದ ಚಹಾ, ಜೊತೆಗೆ ಅಬ್ಬಾನ ಗ್ಯಾರೇಜಿನ ಬಟ್ಟೆಯ ಗ್ರೀಸು. ಪಕ್ಕದ ಗೌರಜ್ಜಿಯ ಮನೆ ಮುಂದೆ ವಿಭೂತಿ, ಊದುಬತ್ತಿ, ಅವೆರಡನ್ನೂ ಹಿಂದೆ ಹಾಕಿ ಬರುವ ಫಿಲ್ಟರ್ ಕಾಫಿ. ನಮ್ಮ ಹಿತ್ತಲಿಗೂ ಅಜ್ಜಿಯ ಹಿತ್ತಲಿಗೂ ನಡುವೆ ಅಮ್ಮಿಯ ಎದೆಮಟ್ಟದ ಗೋಡೆಯಿತ್ತು. ನಾನು ಅದರ ಮೇಲೆ ಗಲ್ಲ ಊರಬೇಕಾದರೆ ಬಟ್ಟೆ ಒಗೆಯುವ ಕಲ್ಲು ಹತ್ತಬೇಕಿತ್ತು. ಒಂದು ಬೇಸಿಗೆ ರಜೆಯ ಬೆಳಗುಗಳನ್ನೆಲ್ಲ ನಾನು ಆ ಕಲ್ಲಿನ ಮೇಲೆಯೇ ಕಳೆದೆ.

ಆ ವರ್ಷದ ಚಳಿಗಾಲದಲ್ಲಿ ನಾನಿ, ಅಂದರೆ ಅಮ್ಮಿಯ ತಾಯಿ, ತೀರಿಕೊಂಡಿದ್ದರು. ಅವರಿದ್ದದ್ದು ಶಿವಮೊಗ್ಗದ ನವುಲೆ ಕಡೆಯ ಬಾಡಿಗೆ ಮನೆಯಲ್ಲಿ. ಮನೆ ಖಾಲಿ ಮಾಡುವಾಗ ಮಾಮುಗಳು ಮಂಚ, ಕಪಾಟು, ತಾಮ್ರದ ದೇಗ್ಚಿಗಳನ್ನು ಹಂಚಿಕೊಂಡರು. ಅಮ್ಮಿ ತಂದದ್ದು ಒಂದು ಬಟ್ಟೆಯ ಗಂಟು, ಅದರಲ್ಲಿ ಒಂದು ಚಿಟಿಕೆ ಬದನೆ ಬೀಜ. ನಾನಿಯ ಹಿತ್ತಲಿನ ಬದನೆ ಗುಂಡಗೆ, ಹಸಿರು ಮೈಮೇಲೆ ಬಿಳಿ ಗೀರು. ಎಳ್ಳು, ಕಡಲೆಬೀಜ ಹುರಿದು ಅರೆದು, ಹುಣಸೆಹುಳಿ ಬಿಟ್ಟು ಅವರು ಮಾಡುತ್ತಿದ್ದ ಬಗಾರೆ ಬೈಂಗನ್ ನೆನೆದರೆ ಈಗಲೂ ನನ್ನ ಬಾಯಲ್ಲಿ ನೀರು ಬರುತ್ತದೆ. ಆ ಬದನೆ ಸಂತೆಯಲ್ಲಾಗಲಿ ಬೀಜದಂಗಡಿಯಲ್ಲಾಗಲಿ ಸಿಗುತ್ತಿರಲಿಲ್ಲ. ಗಂಟಿನಲ್ಲಿದ್ದದ್ದು ಹೋದರೆ ಅಲ್ಲಿಗೆ ಮುಗಿಯಿತು.

ನಾನಿ ಬೀಜ ಹಾಕುತ್ತಿದ್ದದ್ದು ಮೊಟ್ಟೆಯ ಚಿಪ್ಪಿನಲ್ಲಿ. ತುದಿ ಒಡೆದ ಚಿಪ್ಪುಗಳನ್ನು ಕಾಗದದ ಟ್ರೇಯಲ್ಲಿ ನಿಲ್ಲಿಸಿ, ಮಣ್ಣಿಗೆ ಎಂಥದ್ದೋ ಕಪ್ಪನೆಯ ಪುಡಿ ಕಲಸಿ ತುಂಬುತ್ತಿದ್ದರಂತೆ. ಆ ಕಪ್ಪು ಪುಡಿ ಯಾವುದೆಂದು ಅಮ್ಮಿ ಎಂದೂ ಕೇಳಿರಲಿಲ್ಲ. ತಾಯಿ ಬದುಕಿದ್ದಾಗ ಇಂಥದ್ದನ್ನೆಲ್ಲ ಯಾರು ಕೇಳುತ್ತಾರೆ? ನಮ್ಮ ಮನೆಯಲ್ಲಿ ಕಪ್ಪಗೆ ಉಳಿಯುತ್ತಿದ್ದದ್ದು ಚಹಾ ಸೋಸಿದ ಚರಟ ಒಂದೇ. ಅದೇ ಇರಬೇಕೆಂದು ಅಮ್ಮಿ ವಾರವೆಲ್ಲ ಚಹಾ ಚರಟ ಕೂಡಿಟ್ಟು, ಮಣ್ಣಿಗೆ ಕಲಸಿ, ಚಿಪ್ಪುಗಳಿಗೆ ತುಂಬಿ, ಬಿಸ್ಮಿಲ್ಲಾ ಹೇಳಿ ಬೀಜ ಊರಿದಳು. ಊರಿದ್ದು ಹೆಚ್ಚುಕಮ್ಮಿ ಅಷ್ಟೂ ಬೀಜ.

ಮರುದಿನ ಬೆಳಗ್ಗೆ ನೋಡಿದರೆ ಟ್ರೇ ತುಂಬ ಕೆಂಪಿರುವೆ. ಹಾಲು, ಸಕ್ಕರೆ ಹಾಕಿ ಕುದಿಸಿದ ಚಹಾದ ಚರಟವಲ್ಲವೇ! ಸಿಹಿಯ ಜಾಡು ಹಿಡಿದು ಬಂದ ಇರುವೆಗಳು ಬೀಜವನ್ನೂ ಬಿಟ್ಟಿರಲಿಲ್ಲ. ಒಂದೊಂದು ಬೀಜ ಹೊತ್ತು ಗೋಡೆಯ ಬಿರುಕಿನೊಳಗೆ ಸಾಲಾಗಿ ಹೋಗುತ್ತಿದ್ದವು. ಅಮ್ಮಿ ಮೊದಲು ಪೊರಕೆ ತಂದಳು, ಆಮೇಲೆ ನೀರು ತಂದಳು, ಕೊನೆಗೆ ಎರಡನ್ನೂ ಕೆಳಗಿಟ್ಟು ಅಲ್ಲೇ ಕೂತು ಅತ್ತಳು. ನಾನಿಯ ಸಾವಿನ ಮನೆಯಲ್ಲೂ ಅವಳು ಅಷ್ಟು ಅತ್ತದ್ದನ್ನು ನಾನು ನೋಡಿರಲಿಲ್ಲ. ನನಗೆ ಹೆದರಿಕೆಯಾಯಿತು.

ಗೋಡೆಯಾಚೆಯಿಂದ ಗೌರಜ್ಜಿಯ ವಿಭೂತಿ ಹಚ್ಚಿದ ಹಣೆ ಮೇಲೆದ್ದಿತು.

“ಎಂತಾಯ್ತೆ ಜುಬೇದಾ? ಯಾಕಳ್ತಿದ್ದೀಯಾ?”

ಅಮ್ಮಿ ಬಿಕ್ಕುತ್ತಲೇ ಎಲ್ಲ ಹೇಳಿದಳು. ಅಜ್ಜಿ ಟ್ರೇಯನ್ನೊಮ್ಮೆ, ಇರುವೆಗಳನ್ನೊಮ್ಮೆ ನೋಡಿದರು.

“ಅಯ್ಯೋ ಮಾರಾಯ್ತಿ, ಇರುವೆಗೆ ಪಾಯಸದೂಟ ಬಡ್ಸಿದ್ದೀಯಲ್ಲೇ! ನಿಮ್ಮಮ್ಮ ಹಾಕ್ತಿದ್ದದ್ದು ಕಾಫಿ ಚರಟ ಇರ್ಬೇಕು ಕಣೆ. ಅವ್ರ ಮನೆ ಹತ್ರ ಹೋಟ್ಲಿತ್ತಾ?”

ಇತ್ತು. ನಾನಿಯ ಮನೆಗೆ ಅಂಟಿಕೊಂಡೇ ಒಂದು ಕಾಫಿ ಹೋಟೆಲ್ ಇತ್ತು. ಅಮ್ಮಿ ಅಳು ನಿಲ್ಲಿಸಿ ಬಾಯಿ ಬಿಟ್ಟು ನೋಡಿದಳು.

“ನಮ್ಮ ಫಿಲ್ಟರಿಂದು ದಿನಾ ಕೊಡ್ತೀನಿ ತಗೋ. ಅದಕ್ಕೆ ಹಾಲೂ ಸೋಕಿರಲ್ಲ, ಸಕ್ರೇನೂ ಸೋಕಿರಲ್ಲ.”

“ನಕ್ಕೋ ಅಜ್ಜಿ, ಬೇಡ,” ಎಂದು ಅಮ್ಮಿ ಕಣ್ಣೊರೆಸಿಕೊಂಡು ಒಳಗೆ ಹೋಗಿಬಿಟ್ಟಳು.

ಆ ‘ನಕ್ಕೋ’ದ ಹಿಂದೆ ಏನಿತ್ತೆಂದು ನನಗೆ ಆಗಲೇ ಅಲ್ಪಸ್ವಲ್ಪ ಗೊತ್ತಿತ್ತು. ಹಬ್ಬದ ದಿನ ಅಜ್ಜಿಯ ಮನೆಯ ಹೋಳಿಗೆ ನಮ್ಮ ಮನೆಗೆ ಬರುತ್ತಿತ್ತು. ನಮ್ಮ ಮನೆಯ ಶೀರ್‌ಖುರ್ಮಾ ಆ ಕಡೆ ಹೋಗುತ್ತಿರಲಿಲ್ಲ. ಹಣ್ಣು ಕೊಟ್ಟರೆ ತೆಗೆದುಕೊಳ್ಳುತ್ತಿದ್ದರು, ಬೇಯಿಸಿದ್ದನ್ನು ಇಲ್ಲ. ಇದರಿಂದ ಯಾರಿಗೂ ಬೇಸರವಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅಮ್ಮಿಗೆ ಇತ್ತು. ನಮ್ಮದನ್ನು ಮುಟ್ಟದವರ ಮನೆಯಿಂದ ಚೆಲ್ಲುವ ಚರಟವನ್ನು ಕೈಯೊಡ್ಡಿ ತರುವುದೇ ಎಂದು ಅವಳು ರಾತ್ರಿ ಊಟಕ್ಕೆ ಕೂತಾಗ ಅಬ್ಬಾನಿಗೆ ಹೇಳಿದಳು. ಅಬ್ಬಾ ರೊಟ್ಟಿ ಮುರಿಯುತ್ತಾ, “ಗಿಡಕ್ಕೆ ಬೇಕಾಗಿದ್ದು, ನಿಂಗಲ್ಲವಲ್ಲ,” ಎಂದಷ್ಟೇ ಅಂದ.

ಮಾರನೇ ದಿನ ಬೆಳಗ್ಗೆ ಗೋಡೆಯಾಚೆಯಿಂದ ಕೂಗು ಬಂತು.

“ಶಬ್ಬೀ, ಡಬ್ಬಿ ತಾರೆ!”

ಹಿಂದಿನ ದಿನ ಅಮ್ಮಿ ಬೇಡವೆಂದದ್ದು ಅಜ್ಜಿಗೆ ಕೇಳಿಸಿಯೇ ಇರಲಿಲ್ಲವೇನೋ ಎಂಬಂತಿತ್ತು ಆ ದನಿ. ನಾನು ಅಮ್ಮಿಯ ಮುಖ ನೋಡಿದೆ. ಅವಳು ಒಲೆಯ ಕಡೆ ತಿರುಗಿಕೊಂಡು, “ಹೋಗು, ತಗೊಂಡ್ ಬಾ,” ಎಂದಳು.

ಅಲ್ಲಿಂದ ಮುಂದೆ ಅದು ನನ್ನ ಕೆಲಸವಾಯಿತು. ಕಲ್ಲು ಹತ್ತಿ ನಿಂತರೆ ಅಜ್ಜಿ ಹಿತ್ತಾಳೆ ಫಿಲ್ಟರಿನ ಮೇಲಿನ ಪಾತ್ರೆಯನ್ನು ನನ್ನ ಡಬ್ಬಿಯೊಳಗೆ ಬೋರಲು ಹಾಕಿ ತಟ್ಟುತ್ತಿದ್ದರು. ಬೆಚ್ಚಗಿನ ಚರಟ ಬಿಲ್ಲೆಯಾಗಿ ಬೀಳುತ್ತಿತ್ತು. ಹಸಿಯಾಗಿ ಹಾಕಿದರೆ ಬೂಷ್ಟು ಹಿಡಿಯುತ್ತದೆ, ಒಣಗಿಸು ಎಂದು ಅಜ್ಜಿಯ ಅಪ್ಪಣೆ. ಹಿತ್ತಲಿನಲ್ಲಿ ನಾನು ಗೀಚಿಕೊಂಡಿದ್ದ ಕುಂಟೆಬಿಲ್ಲೆಯ ಮನೆಗಳಲ್ಲಿ ಹಳೆಯ ಪೇಪರ್ ಹಾಸಿ ಚರಟ ಹರಡುತ್ತಿದ್ದೆ. ಹಾಗಾಗಿ ಆ ರಜೆಯಲ್ಲಿ ಕುಂಟೆಬಿಲ್ಲೆ ಆಡಿದ್ದಕ್ಕಿಂತ ಕಾವಲು ಕೂತದ್ದೇ ಹೆಚ್ಚು. ಎದುರು ಮನೆಯ ಕೋಳಿಗಳಿಗೂ ನನಗೂ ಅಲ್ಲಿಂದಲೇ ಆಗಿಬರಲಿಲ್ಲ. ಒಮ್ಮೆ ಅಜ್ಜಿ ಪುಟ್ಟ ಲೋಟದಲ್ಲಿ ನನಗೂ ಕಾಫಿ ಕೊಟ್ಟರು. ಕಹಿ ಕಹಿ ಅನ್ನಿಸಿತು. ಆದರೆ ದೊಡ್ಡವರ ಸಾಲಿಗೆ ಸೇರಿದ ಹೆಮ್ಮೆಗೆ ಪೂರ್ತಿ ಕುಡಿದೆ.

ಸಾಕಷ್ಟು ಚರಟ ಒಣಗಿದ ಮೇಲೆ ಅಮ್ಮಿ ಖಾಲಿ ಗಂಟನ್ನು ಮತ್ತೆ ಬಿಚ್ಚಿದಳು. ಹೊಲಿಗೆಯ ಸಂದಿಯಲ್ಲಿ ಸಿಕ್ಕಿಕೊಂಡ ಕೆಲವೇ ಬೀಜಗಳಿದ್ದವು. ನಾಲ್ಕು ಹಿಡಿ ಮಣ್ಣಿಗೆ ಒಂದು ಹಿಡಿ ಚರಟ ಕಲಸಿ, ಚಿಪ್ಪಿಗೊಂದರಂತೆ ಊರಿ, ಟ್ರೇಯನ್ನು ನೀರಿನ ತಟ್ಟೆಯ ನಡುವೆ ಇಟ್ಟಿಗೆಯ ಮೇಲಿಟ್ಟಳು. ಇರುವೆಗಳಿಗೆ ಈ ಸಲ ದಾರಿಯಿರಲಿಲ್ಲ. ವಾರ ಕಳೆಯಿತು, ಏನೂ ಇಲ್ಲ. ಅಮ್ಮಿ ಕಡ್ಡಿಯಲ್ಲಿ ಕೆದಕಿ ನೋಡಲು ಹೊರಟರೆ ಗೋಡೆಯಾಚೆಯಿಂದ ಬೈಗುಳ ಬರುತ್ತಿತ್ತು. “ಬಿಡೇ ಅದನ್ನ! ಬಸುರಿ ಹೊಟ್ಟೆ ಬಗ್ದು ನೋಡ್ತಾರಾ ಯಾರಾದ್ರೂ?”

ಒಂದು ಬೆಳಗ್ಗೆ ಡಬ್ಬಿ ಹಿಡಿದು ಹೋದವಳು ಅಲ್ಲೇ ನಿಂತೆ. ಒಂದು ಚಿಪ್ಪಿನಲ್ಲಿ ಬಿಳಿ ಕುತ್ತಿಗೆ ಬಗ್ಗಿಸಿ, ಬೀಜದ ಸಿಪ್ಪೆಯನ್ನು ಟೋಪಿಯಂತೆ ಹೊತ್ತು ಒಂದು ಮೊಳಕೆ ಎದ್ದಿತ್ತು. ನಾನು ಕಿರುಚಿದ ರಭಸಕ್ಕೆ ಅಮ್ಮಿ ಹಾಲು ಉಕ್ಕುವುದನ್ನೂ ಬಿಟ್ಟು ಓಡಿ ಬಂದಳು.

ಕೊನೆಗೆ ಉಳಿದದ್ದು ಎರಡೇ ಸಸಿ. ಒಂದನ್ನು ನಮ್ಮ ಹಿತ್ತಲಲ್ಲಿ ನೆಟ್ಟು, ಇನ್ನೊಂದನ್ನು ಅಜ್ಜಿಗೆ ಕೊಡಬೇಕೆಂದು ಅಮ್ಮಿಯೇ ಅಂದಳು. ಆದರೆ ಮೊಟ್ಟೆಯೆಂದರೆ ಮೈಲಿ ದೂರ ಹೋಗುವ ಮನೆ. ಅವಳು ಅರ್ಧ ಗಂಟೆ ಕೂತು ಉಗುರಿನಿಂದ ಚಿಪ್ಪನ್ನೆಲ್ಲ ಬಿಡಿಸಿ, ಬೇರಿಗೆ ಬಾಳೆಎಲೆ ಸುತ್ತಿ ಗೋಡೆಯ ಮೇಲಿಟ್ಟಳು. ಅಜ್ಜಿ ಎಲೆ ಬಿಚ್ಚಿ, ಕನ್ನಡಕ ಸರಿಮಾಡಿಕೊಂಡು, ಬೇರಿನಲ್ಲಿ ಉಳಿದಿದ್ದ ಬಿಳಿಯ ಚೂರೊಂದನ್ನು ನೋಡಿದರು.

“ಇಷ್ಟು ದಿನ ಗೋಡೆ ಮೇಲಿಂದ ನೋಡ್ತಿದ್ದವಳಿಗೆ ಯಾವುದ್ರಲ್ಲಿ ಬೆಳೆಸ್ದೆ ಅಂತ ಗೊತ್ತಿಲ್ವೇನೆ? ಮಣ್ಣು ಮುಚ್ಚಿದ್ರೆ ಆಯ್ತು. ನಮ್ಮ ಸೊಸೆಗೆ ಹೇಳ್ಬೇಡ ಅಷ್ಟೆ,” ಎಂದರು.

ಮಳೆ ಹಿಡಿಯಿತು, ಶಾಲೆ ಶುರುವಾಯಿತು, ಎರಡೂ ಹಿತ್ತಲಲ್ಲಿ ಬದನೆ ಕಾಯಿತು. ನಮ್ಮ ಗಿಡದ ಮೊದಲ ಕಾಯಿಗಳಲ್ಲಿ ಅಮ್ಮಿ ಬಗಾರೆ ಬೈಂಗನ್ ಮಾಡಿ, ಒಂದು ತುತ್ತು ಬಾಯಿಗಿಟ್ಟು, “ಅಮ್ಮಂದೇ,” ಎಂದಳು. ಒಂದು ಕಾಯನ್ನು ಬೀಜಕ್ಕೆಂದು ಗಿಡದಲ್ಲೇ ಬಿಟ್ಟಿದ್ದಳು. ಅದು ಹಣ್ಣಾಗುವ ಮೊದಲೇ ಬೀದಿಯ ಮೇಕೆ ನುಗ್ಗಿ ಗಿಡವನ್ನು ಬುಡದವರೆಗೆ ಮೇಯ್ದುಹೋಯಿತು. ಅಮ್ಮಿ ಈ ಸಲ ಅಳಲಿಲ್ಲ. ಮುರಿದ ಕಾಂಡದ ಹತ್ತಿರ ಕೂತು ಉದುರಿದ ಎಲೆಗಳನ್ನು ಆಯುತ್ತಿದ್ದಳು.

“ಜುಬೇದಾ, ಇಲ್ ಬಾರೆ,” ಎಂದರು ಗೌರಜ್ಜಿ.

ಅಮ್ಮಿ ಗೋಡೆಗೆ ಎದೆಯೊತ್ತಿ ಬಗ್ಗಿದಳು, ನಾನು ಕಲ್ಲು ಹತ್ತಿದೆ. ಅಜ್ಜಿಯ ಗಿಡದಲ್ಲಿ ಒಂದು ದಪ್ಪ ಬದನೆ ಹಳದಿ ತಿರುಗಿ ತೂಗುತ್ತಿತ್ತು. ಅದರ ತೊಟ್ಟಿಗೆ ಹಳೇ ಸೀರೆಯಂಚಿನ ಚೂರು ಕಟ್ಟಿತ್ತು, ಮನೆಯವರು ಯಾರೂ ಕೀಳದಿರಲೆಂದು.

“ಮೊದಲ್ನೇ ಕಾಯಿಗೇ ಕಟ್ಟಿಟ್ಟಿದ್ದೆ. ಇದು ನಮ್ಮದಲ್ಲ, ನಿಮ್ಮಮ್ಮಂದು.”

ಅಮ್ಮಿ ಗೋಡೆಯ ಮೇಲಿಂದಲೇ ಅಜ್ಜಿಯ ಎರಡೂ ಕೈ ಹಿಡಿದುಕೊಂಡಳು. ಅಜ್ಜಿ ಬಿಡಿಸಿಕೊಳ್ಳಲಿಲ್ಲ.

ಗೌರಜ್ಜಿ ಹೋಗಿ ಎಷ್ಟೋ ವರ್ಷಗಳಾದವು. ಆ ಗೋಡೆಯ ಜಾಗದಲ್ಲಿ ಈಗ ಆಳೆತ್ತರಕ್ಕೆ ಸಿಮೆಂಟ್ ಬ್ಲಾಕ್ ಬಂದಿದೆ. ಅಮ್ಮಿ ನನ್ನ ಜೊತೆ ಶಿವಮೊಗ್ಗದ ಫ್ಲಾಟಿನಲ್ಲಿದ್ದಾಳೆ. ಆ ಹಳದಿ ಹಣ್ಣಿನ ಸಂತತಿ ನಮ್ಮ ಬಾಲ್ಕನಿಯ ಕುಂಡದಲ್ಲಿ ಪ್ರತಿವರ್ಷ ಕಾಯಿ ಬಿಡುತ್ತದೆ. ಚರಟ ಕೊಡುವವರು ಮಾತ್ರ ಯಾರೂ ಇಲ್ಲ. ಎಲ್ಲರ ಮನೆಯಲ್ಲೂ ಬಿಸಿ ಹಾಲಿಗೆ ಹಾಕಿದರೆ ಕರಗಿಹೋಗುವ ಕಾಫಿ ಪುಡಿ. ಅದರ ಲೋಟದ ತಳದಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ ಚಹಾ ಕುಡಿಯುವ ನಾನು ಒಂದು ಫಿಲ್ಟರ್ ಕೊಂಡು, ಚರಟದ ಆಸೆಗೆ ಕಾಫಿ ಕುಡಿಯುತ್ತೇನೆ.

ಈ ಬೇಸಿಗೆಯಲ್ಲಿ ಒಂದು ಸಸಿ ಹೆಚ್ಚಾಯಿತು. ಚಿಪ್ಪು ಬಿಡಿಸಿ, ಬೇರಿಗೆ ಒದ್ದೆ ಪೇಪರ್ ಸುತ್ತಿಕೊಂಡು ಎದುರು ಫ್ಲಾಟಿನ ಬೆಲ್ ಒತ್ತಿದೆ. ಬಾಗಿಲು ತೆರೆಯಲಿಲ್ಲ. “ನಾವೇನೂ ಆರ್ಡರ್ ಮಾಡಿಲ್ಲ,” ಎಂದು ಒಳಗಿನಿಂದ ಹೆಂಗಸಿನ ದನಿ ಬಂತು. ನಾನು ವಾಪಸ್ ಬಂದು ಸಸಿಯನ್ನು ಸಿಂಕಿನ ಪಕ್ಕ ಇಟ್ಟೆ. ಮನಸ್ಸಿಗೆ ಪಿಚ್ಚೆನಿಸಿತ್ತು.

ಅಮ್ಮಿ ಕುರ್ಚಿಯಿಂದೆದ್ದು ಬಂದು, ಸಸಿಯ ಬೇರಿಗೆ ಎರಡು ಹನಿ ನೀರು ಚಿಮುಕಿಸಿದಳು.

“ನಾಳೆ ಮತ್ತೆ ಹೋಗು,” ಎಂದಳು. “ಮೊದಲನೇ ದಿನ ನಾನೂ ಬೇಡ ಅಂದಿದ್ದೆ.”